ಹತ್ತು ಗಂಟೆಯ ಮಾತನ್ನು ಮೂರು ಗಂಟೆಗೆ ಹೇಳಿದರೆ

ಪ್ರಶ್ನೆ: ನನಗೆ ಮೂವತ್ತೊಂದು ವರ್ಷ. ಹುಟ್ಟಿದ್ದು ಚಿಂತಾಮಣಿ ತಾಲ್ಲೂಕಿನ ಹಳ್ಳಿಯಲ್ಲಿ. ಮನೆಮಾತು ತೆಲುಗು, ಓದಿದ್ದು ಕನ್ನಡ ಮೀಡಿಯಂನಲ್ಲಿ ಪಿಯುಸಿವರೆಗೆ. ಅಮ್ಮ ಶಿಡ್ಲಘಟ್ಟದ ಒಂದು ರೀಲಿಂಗ್ ಘಟಕದಲ್ಲಿ ರೇಷ್ಮೆ ನೂಲು ತೆಗೆದು ನಮ್ಮನ್ನು ಓದಿಸಿದರು. ಮದುವೆಯಾಗಿ ಗೌರಿಬಿದನೂರಿಗೆ ಬಂದೆ. ಇಲ್ಲಿನ ಒಂದು ಗಾರ್ಮೆಂಟ್ಸ್‌ನಲ್ಲಿ ಎಂಟು ವರ್ಷ ಟೈಲರ್ ಆಗಿದ್ದೆ. ಹೋದ ವರ್ಷ ಸೂಪರ್‌ವೈಸರ್ ಮಾಡಿದರು. ನನ್ನ ಲೈನಿನಲ್ಲಿ ನಲವತ್ತು ಜನ ಇದ್ದಾರೆ, ಹೆಚ್ಚಿನವರು ಹೆಂಗಸರೇ.

ಟೈಲರ್ ಆಗಿದ್ದಷ್ಟು ದಿನ ನನ್ನ ಕೆಲಸಕ್ಕೆ ಯಾರೂ ಬೊಟ್ಟು ಮಾಡಿ ತೋರಿಸಿರಲಿಲ್ಲ. ಈಗ ಮೇಲಿನವರು ‘ನಿನಗೆ ಮಾತಾಡೋಕೆ ಬರಲ್ಲ’ ಅನ್ನುತ್ತಾರೆ, ಕೆಳಗಿನವರು ‘ಸೂಪರ್‌ವೈಸರ್ ಆದ್ಮೇಲೆ ತಲೆ ತಿರುಗಿದೆ’ ಅನ್ನುತ್ತಾರೆ. ನಮ್ಮ ಪ್ರೊಡಕ್ಷನ್ ಮ್ಯಾನೇಜರ್ ಉತ್ತರ ಭಾರತದವರು. ಹಿಂದಿ, ಇಂಗ್ಲಿಷ್ ಬಿಟ್ಟರೆ ಬೇರೆ ಬರುವುದಿಲ್ಲ. ಬೆಳಗಿನ ಮೀಟಿಂಗ್‌ನಲ್ಲಿ ಉಳಿದ ಸೂಪರ್‌ವೈಸರ್‌ಗಳು ಪಟಪಟ ಅಂತ ಉತ್ತರ ಕೊಡುತ್ತಾರೆ. ನನಗೆ ಬಾಯಿ ಒಣಗುತ್ತದೆ. ‘ಯೆಸ್ ಸರ್’ ಅಂದು ಎದ್ದು ಬರುತ್ತೇನೆ.

ಹೋದ ತಿಂಗಳು ಶರ್ಟಿನ ಆರ್ಡರ್ ಓಡುತ್ತಿತ್ತು. ಬೆಳಿಗ್ಗೆ ಹತ್ತು ಗಂಟೆ ಹೊತ್ತಿಗೆ ಕಾಲರಿನ ಬಟ್ಟೆಗೂ ಬಾಡಿ ಬಟ್ಟೆಗೂ ಶೇಡ್ ಸ್ವಲ್ಪ ಬೇರೆ ಇದೆ ಅನ್ನಿಸಿತು. ಟ್ಯೂಬ್‌ಲೈಟ್ ಕೆಳಗೆ ಗೊತ್ತಾಗುತ್ತಿರಲಿಲ್ಲ, ಕಿಟಕಿ ಹತ್ತಿರ ಹಿಡಿದರೆ ಕಾಣುತ್ತಿತ್ತು. ಚೆಕಿಂಗ್‌ನವಳಿಗೆ ತೋರಿಸಿದೆ. ‘ಹೌದಕ್ಕಾ’ ಅಂದಳು. ಮ್ಯಾನೇಜರ್‌ಗೆ ಹೇಳಲು ಮಾತ್ರ ಧೈರ್ಯ ಬರಲಿಲ್ಲ. ಅದಕ್ಕೆ ಹಿಂದಿನ ವಾರವಷ್ಟೇ ಮೆಷಿನ್ ಕೆಟ್ಟಿದೆ ಎಂದು ಹೇಳಲು ಹೋಗಿ ‘ದಿನಾ ಒಂದು ನೆಪ’ ಅಂತ ಬೈಸಿಕೊಂಡಿದ್ದೆ. ಟಾರ್ಗೆಟ್ ಆದರೂ ಮುಗಿಯಲಿ ಎಂದು ಸುಮ್ಮನಾದೆ. ಮೂರು ಗಂಟೆಗೆ ಬಯರ್ ಕಡೆಯ ಕ್ಯೂಸಿ ಹಿಡಿದರು. ನಾನೂರಕ್ಕೂ ಹೆಚ್ಚು ಪೀಸಿನ ಕಾಲರ್ ಬಿಚ್ಚಬೇಕಾಯಿತು. ಮ್ಯಾನೇಜರ್ ಇಡೀ ಫ್ಲೋರ್ ಎದುರು ಕೂಗಾಡಿದರು. ಆ ಸಿಟ್ಟನ್ನು ನಾನು ಕಾಲರ್ ಕೂರಿಸುವ ಹುಡುಗಿಯ ಮೇಲೆ ತೀರಿಸಿಕೊಂಡೆ. ಪಾಪ, ಅವಳದೇನೂ ತಪ್ಪಿರಲಿಲ್ಲ. ಮಾರನೇ ದಿನದಿಂದ ಅವಳು ಕೆಲಸಕ್ಕೆ ಬಂದಿಲ್ಲ.

ಚಿಕ್ಕಬಳ್ಳಾಪುರದಲ್ಲಿ ಸ್ಪೋಕನ್ ಇಂಗ್ಲಿಷ್ ಕ್ಲಾಸ್ ನಡೆಯುತ್ತದಂತೆ, ಸೇರಲೇ? ಇಲ್ಲ, ಸೂಪರ್‌ವೈಸರ್ ಕೆಲಸ ಬಿಟ್ಟು ಮತ್ತೆ ಮೆಷಿನ್‌ಗೆ ಕೂತುಬಿಡಲೇ? ರಾತ್ರಿ ನಿದ್ದೆ ಬರುತ್ತಿಲ್ಲ.

— ಹೆಸರು ಬೇಡ, ಗೌರಿಬಿದನೂರು

ಉತ್ತರ: ಮಾತಾಡಲು ಬರದವರು ಇಂಥ ಕಾಗದ ಬರೆಯಲಾರರು. ಏನಾಯಿತು, ಎಷ್ಟು ಹೊತ್ತಿಗೆ ಆಯಿತು, ಯಾರು ಏನಂದರು, ನಿಮ್ಮ ತಪ್ಪು ಎಲ್ಲಿ, ನಿಮಗೆ ಬೇಕಾದ್ದೇನು ಎಲ್ಲವನ್ನೂ ಒಂದೂವರೆ ಪುಟದಲ್ಲಿ ಹೇಳಿದ್ದೀರಿ. ಫ್ಲೋರ್‌ನಲ್ಲಿ ಮ್ಯಾನೇಜರ್‌ಗೆ ಹೇಳಬೇಕಾದ ಮಾತಿಗೂ ಬೇಕಾದ್ದು ಇಷ್ಟೇ.

ಅವತ್ತು ಬೆಳಿಗ್ಗೆ ನಿಮ್ಮ ಕಣ್ಣು ಕೆಲಸ ಮಾಡಿತು, ಬಾಯಿಯೂ ಕೆಲಸ ಮಾಡಿತು. ಅನುಮಾನ ಬಂದ ಬಟ್ಟೆಯನ್ನು ಕಿಟಕಿ ಬೆಳಕಿಗೆ ಹಿಡಿದು ನೋಡುವ ಬುದ್ಧಿ ಎಲ್ಲರಿಗೂ ಇರುವುದಿಲ್ಲ. ಎಂಟು ವರ್ಷದ ಅನುಭವ ಅದು. ಬೇರೆ ಬೇರೆ ಲಾಟಿನಲ್ಲಿ ಡೈ ಆದ ಎರಡು ರೋಲು ಟ್ಯೂಬ್‌ಲೈಟಿನಲ್ಲಿ ಒಂದೇ ಥರ ಕಂಡು ಹಗಲು ಬೆಳಕಿನಲ್ಲಿ ಬೇರೆಯಾಗಿ ಕಾಣುವುದು ಬಟ್ಟೆ ಲೋಕದಲ್ಲಿ ಹಳೆಯ ಕಾಟ. ಅದಕ್ಕಾಗಿಯೇ ಶೇಡ್ ನೋಡುವ ಲೈಟ್ ಬಾಕ್ಸ್ ಇಡುತ್ತಾರೆ, ಕಟಿಂಗ್‌ನಲ್ಲಿ ಪ್ರತಿ ಪದರಕ್ಕೂ ನಂಬರ್ ಸ್ಟಿಕ್ಕರ್ ಅಂಟಿಸುತ್ತಾರೆ. ನೀವು ಕಂಡದ್ದನ್ನು ಒಬ್ಬರಿಗೆ ಹೇಳಿಯೂ ಹೇಳಿದಿರಿ. ಆದರೆ ಅವರು ಲೈನ್ ನಿಲ್ಲಿಸಬಲ್ಲವರಾಗಿರಲಿಲ್ಲ. ನಿಲ್ಲಿಸಬಲ್ಲವರಿಗೆ ಹೇಳಲು ಭಯವಾಯಿತು. ಹತ್ತರಿಂದ ಮೂರರವರೆಗಿನ ಐದು ಗಂಟೆಯನ್ನು ನುಂಗಿದ್ದು ಆ ಭಯ. ಅದಕ್ಕೆ ಇಂಗ್ಲಿಷ್ ಕ್ಲಾಸಿನಲ್ಲಿ ಮದ್ದಿಲ್ಲ. ಇಂಗ್ಲಿಷ್ ನೀರು ಕುಡಿದಷ್ಟು ಸಲೀಸಾಗಿ ಬರುವವರೂ ಬೈಗುಳದ ಭಯವಿದ್ದರೆ ಬಾಯಿ ಬಿಡುವುದಿಲ್ಲ.

ನಿಮ್ಮ ತಾಯಿಯ ಕೆಲಸವನ್ನೇ ನೆನಪಿಸಿಕೊಳ್ಳಿ. ಬಿಸಿನೀರಿನ ಬೇಸಿನ್ ಮುಂದೆ ಕೂತವರಿಗೆ ಒಂದು ಗೂಡಿನ ಎಳೆ ಮುಗಿದದ್ದು ಕಣ್ಣಿಗೆ ಬಿದ್ದ ಕೂಡಲೇ ಇನ್ನೊಂದು ಗೂಡಿನ ಎಳೆ ಕೊಡಬೇಕು. ಆಮೇಲೆ ಕೊಡೋಣ ಎಂದರೆ ನೂಲು ಅಷ್ಟುದ್ದಕ್ಕೂ ತೆಳ್ಳಗಾಗುತ್ತದೆ, ಸಂಜೆ ಯಾರು ಏನು ಮಾಡಿದರೂ ಆ ಜಾಗ ದಪ್ಪವಾಗುವುದಿಲ್ಲ. ಲೈನಿನಲ್ಲಿ ಕೆಟ್ಟ ಸುದ್ದಿಯ ಲೆಕ್ಕವೂ ಹೀಗೇ. ಹತ್ತು ಗಂಟೆಗೆ ಹೇಳಿದ್ದರೆ ಅದು ಬರೀ ಅನುಮಾನ, ಹೆಚ್ಚೆಂದರೆ ಮೂವತ್ತು ನಲವತ್ತು ಪೀಸಿನ ನಷ್ಟ. ಮೂರು ಗಂಟೆಗೆ ಅದೇ ಮಾತು ಅಪರಾಧವಾಗಿಬಿಟ್ಟಿತು.

ಕೆಟ್ಟ ಸುದ್ದಿ ಹೇಳುವ ಕ್ರಮ

ಮ್ಯಾನೇಜರ್ ಮುಂದೆ ನಿಂತಾಗ ಹೆಚ್ಚಿನವರು ಎರಡರಲ್ಲೊಂದು ಮಾಡುತ್ತಾರೆ. ಒಂದೋ ‘ಸರ್, ಸ್ವಲ್ಪ ಪ್ರಾಬ್ಲಮ್ ಇದೆ’ ಎಂದು ಎಳೆಯುತ್ತಾರೆ. ಇಲ್ಲವೇ ಕಟಿಂಗ್‌ನವರು ಹೀಗೆ ಮಾಡಿದರು, ಸ್ಟೋರ್‌ನವರು ಹಾಗೆ ಮಾಡಿದರು ಎಂದು ಪುರಾಣ ತೆಗೆಯುತ್ತಾರೆ. ತಲೆಯ ಮೇಲೆ ಶಿಪ್‌ಮೆಂಟ್ ಡೇಟ್ ಕೂತಿರುವ ಮನುಷ್ಯನಿಗೆ ಎರಡೂ ನೆಪದ ಹಾಗೇ ಕೇಳಿಸುತ್ತವೆ. ಮೆಷಿನ್ ಕೆಟ್ಟ ದಿನ ನೀವು ಹೇಗೆ ಹೇಳಿದಿರೋ ಬರೆದಿಲ್ಲ. ಬಹುಶಃ ‘ಮೆಷಿನ್ ಕೆಟ್ಟಿದೆ ಸರ್’ ಎಂದಷ್ಟೇ ಹೇಳಿ ನಿಂತಿರಬೇಕು. ಅಲ್ಲಿಗೆ ನಿಮ್ಮ ಹೊರೆ ಅವರ ತಲೆಗೆ ಹೋಯಿತು, ಅವರು ಸಿಡಿದರು.

ಇನ್ನು ಮುಂದೆ ನಾಲ್ಕು ವಿಷಯ ಹೇಳಿ, ಇದೇ ಕ್ರಮದಲ್ಲಿ: ಏನಾಗಿದೆ, ಎಲ್ಲಿ ಎಷ್ಟು, ನಾನು ಏನು ಮಾಡಿದ್ದೇನೆ, ನಿಮ್ಮಿಂದ ಏನು ಬೇಕು. ಕನ್ನಡದಲ್ಲಾದರೆ, ‘ಸರ್, ಕಾಲರ್ ಶೇಡ್ ಬೇರೆ ಬರ್ತಿದೆ. ಬಂಡಲ್ 14ರಿಂದ 19, ಈಗಾಗಲೇ ಮೂವತ್ತು ಪೀಸ್ ಹೊಲಿದಾಗಿದೆ. ಆ ಬಂಡಲ್ ಪಕ್ಕಕ್ಕಿಟ್ಟು 20ನೇದು ಫೀಡ್ ಮಾಡಿದ್ದೀನಿ. ಹತ್ತೂವರೆ ಒಳಗೆ ಕ್ಯೂಸಿ ಬಂದು ನೋಡ್ಬೇಕು.’ ಹಿಂದಿಯಲ್ಲಾದರೆ, ‘ಸರ್, ಕಾಲರ್ ಕಾ ಶೇಡ್ ಅಲಗ್ ಹೈ. ಬಂಡಲ್ ಚೌದಾ ಸೇ ಉನ್ನೀಸ್. ತೀಸ್ ಪೀಸ್ ಹೋ ಗಯಾ. ಮೈನೇ ರೋಕಾ ಹೈ. ಕ್ಯೂಸಿ ಕೋ ಭೇಜಿಯೇ.’ ಇಂಗ್ಲಿಷಿನಲ್ಲಿ ವಾಟ್ಸ್ಆ್ಯಪ್ ಹಾಕಬೇಕೆಂದರೆ, ‘ಶೇಡ್ ಪ್ರಾಬ್ಲಮ್. ಬಂಡಲ್ 14 ಟು 19. 30 ಪೀಸಸ್ ಡನ್. ಸ್ಟಾಪ್ಡ್. ನೀಡ್ ಕ್ಯೂಸಿ ನೌ.’ ಇದರಲ್ಲಿ ನಿಮಗೆ ಗೊತ್ತಿಲ್ಲದ ಒಂದು ಪದವನ್ನಾದರೂ ತೋರಿಸಿ ನೋಡೋಣ. ಫ್ಲೋರ್‌ನಲ್ಲಿ ದಿನವಿಡೀ ಓಡಾಡುವ ಶಬ್ದಗಳೇ ಇವು. ವ್ಯಾಕರಣ ಸರಿಯಿದೆಯೋ ಇಲ್ಲವೋ ಎಂದು ಯಾವ ಮ್ಯಾನೇಜರೂ ನೋಡುವುದಿಲ್ಲ, ಅವರು ನೋಡುವುದು ಅಂಕಿ.

ಬೆಳಗಿನ ಮೀಟಿಂಗ್‌ಗೂ ಇದೇ ದಾರಿ. ಹೋಗುವ ಮೊದಲು ಅಂಗೈ ಅಗಲದ ಚೀಟಿಯಲ್ಲಿ ಮೂರು ಸಾಲು ಬರೆದುಕೊಳ್ಳಿ: ನಿನ್ನೆ ಎಷ್ಟು ಪೀಸ್ ಬಂತು, ಕಡಿಮೆಯಾಗಿದ್ದರೆ ಯಾಕೆ, ಇವತ್ತು ಏನು ಬೇಕು. ನಿಮ್ಮ ಸರದಿ ಬಂದಾಗ ಚೀಟಿ ನೋಡಿಕೊಂಡೇ ಓದಿ. ನಾಚಿಕೆಪಡಬೇಡಿ, ನೋಡಿ ಓದುವವರ ಅಂಕಿಯನ್ನು ಜನ ಹೆಚ್ಚು ನಂಬುತ್ತಾರೆ. ಟಾರ್ಗೆಟ್ ಆಗುವುದಿಲ್ಲ ಎಂದು ಗೊತ್ತಿದ್ದೂ ‘ಯೆಸ್ ಸರ್’ ಅನ್ನಬೇಡಿ. ‘ಗಂಟೆಗೆ ಎಂಬತ್ತು ಕಷ್ಟ ಸರ್, ಇಬ್ಬರು ರಜೆ. ಎಪ್ಪತ್ತು ಖಂಡಿತ ಕೊಡ್ತೀನಿ, ಒಬ್ಬ ಹೆಲ್ಪರ್ ಕೊಟ್ರೆ ಎಂಬತ್ತು’ ಅನ್ನಿ. ಸುಮ್ಮನೆ ಒಪ್ಪಿಕೊಂಡ ಮಾತು ಸಂಜೆಯ ಹೊತ್ತಿಗೆ ನಿಮ್ಮನ್ನೇ ಸುಳ್ಳಿ ಮಾಡುತ್ತದೆ.

ಪ್ರಶ್ನೆ ಕೇಳಿದರೆ ದಡ್ಡಿ ಅಂದುಕೊಳ್ಳುತ್ತಾರೆ ಎಂಬ ಅಳುಕೂ ಇರಬಹುದು. ನಿಮ್ಮ ಗೌರಿಬಿದನೂರಿನ ಪಕ್ಕದ ಹೊಸೂರಿನಲ್ಲಿ ಬಡವರ ಮನೆಯಲ್ಲಿ ಹುಟ್ಟಿ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದ ಎಚ್. ನರಸಿಂಹಯ್ಯನವರು ಜೀವನದುದ್ದಕ್ಕೂ ಹೇಳಿಕೊಟ್ಟದ್ದೇ ಪ್ರಶ್ನೆ ಕೇಳುವುದನ್ನು. 1976ರಲ್ಲಿ ಅವರು ಪವಾಡಗಳನ್ನು ಪರೀಕ್ಷಿಸಲು ಸಮಿತಿಯನ್ನೇ ಮಾಡಿದರು. ಪವಾಡವನ್ನೇ ಪ್ರಶ್ನಿಸಿದವರ ಊರಿನಲ್ಲಿದ್ದುಕೊಂಡು ನೀವು ಪ್ರೊಡಕ್ಷನ್ ಪ್ಲ್ಯಾನ್ ಪ್ರಶ್ನಿಸಲು ಅಂಜಬೇಕಿಲ್ಲ.

ಹೇಳಿದೆ ಎಂದರೆ ಸಾಲದು

ಇನ್ನು ಕೆಳಕ್ಕೆ ಹೇಳುವ ಮಾತು. ನಲವತ್ತು ಮೆಷಿನ್ ಸದ್ದಿನ ನಡುವೆ ‘ಸ್ಟಿಚ್ ಸ್ವಲ್ಪ ಒಳಗೆ ತಗೋ, ಗೊತ್ತಾಯ್ತಾ?’ ಎಂದರೆ ಎಲ್ಲರೂ ತಲೆಯಾಡಿಸುತ್ತಾರೆ. ಗೊತ್ತಾಗದವರು ಎಲ್ಲರಿಗಿಂತ ಮೊದಲು ತಲೆಯಾಡಿಸುತ್ತಾರೆ. ‘ಗೊತ್ತಾಯ್ತಾ’ ಎಂಬ ಪ್ರಶ್ನೆಯನ್ನೇ ಬಿಟ್ಟುಬಿಡಿ.

ರೈಲ್ವೆಯವರು ಇದಕ್ಕೆ ಎಂದೋ ದಾರಿ ಕಂಡುಕೊಂಡಿದ್ದಾರೆ. ಸಿಗ್ನಲ್ ಜೊತೆ ಇಂಟರ್‌ಲಾಕ್ ಆಗದ ಲೆವೆಲ್ ಕ್ರಾಸಿಂಗ್‌ನಲ್ಲಿ ಗೇಟ್ ಮುಚ್ಚಿದ ಮೇಲೆ ಗೇಟ್‌ಮನ್ ಸ್ಟೇಷನ್ ಮಾಸ್ಟರ್‌ಗೆ ಫೋನಿನಲ್ಲಿ ‘ಮುಚ್ಚಿದೆ’ ಎಂದಷ್ಟೇ ಹೇಳಿದರೆ ನಡೆಯುವುದಿಲ್ಲ. ತನಗೆ ಕೊಟ್ಟ ಹಾಳೆಯಲ್ಲಿರುವ ಒಂದು ಅಂಕಿಯನ್ನೂ ಹೇಳಬೇಕು. ಅದಕ್ಕೆ ಪ್ರೈವೇಟ್ ನಂಬರ್ ಎನ್ನುತ್ತಾರೆ. ಸ್ಟೇಷನ್ ಮಾಸ್ಟರ್ ಅದನ್ನು ಬರೆದುಕೊಂಡ ಮೇಲೆಯೇ ಮಾತು ಮುಟ್ಟಿದ ಹಾಗೆ. ಬರೀ ‘ಹೂಂ’ ಎಂಬ ಉತ್ತರವನ್ನು ನಂಬಿ ಅಲ್ಲಿ ಯಾರೂ ರೈಲು ಬಿಡುವುದಿಲ್ಲ.

ಶಿಡ್ಲಘಟ್ಟದ ರೇಷ್ಮೆ ಗೂಡಿನ ಮಾರುಕಟ್ಟೆಯಲ್ಲೂ ನೀವು ಇದನ್ನು ಚಿಕ್ಕಂದಿನಿಂದ ನೋಡಿರಬೇಕು. ರಾಮನಗರದಂತೆ ಅದೂ ರಾಜ್ಯದ ದೊಡ್ಡ ಗೂಡಿನ ಮಾರುಕಟ್ಟೆಗಳಲ್ಲೊಂದು. ಅಲ್ಲಿ ಕನ್ನಡ, ತೆಲುಗು, ಉರ್ದು ಮೂರೂ ಒಟ್ಟಿಗೆ ಕೇಳಿಸುತ್ತವೆ. ಗೂಡು ತಂದ ರೈತನದು ಒಂದು ಭಾಷೆ, ಕೊಳ್ಳುವ ರೀಲರ್‌ನದು ಇನ್ನೊಂದು. ಆದರೂ ವ್ಯವಹಾರ ನಿಲ್ಲುವುದಿಲ್ಲ. ಗೂಡಿಗೆ ಲಾಟ್ ನಂಬರ್ ಇರುತ್ತದೆ, ರೀಲರ್ ಗೂಡನ್ನು ಕೈಯಲ್ಲಿ ಹಿಡಿದು, ಅಲ್ಲಾಡಿಸಿ ನೋಡುತ್ತಾನೆ, ಹರಾಜಿನಲ್ಲಿ ಬಂದ ಬೆಲೆಯನ್ನು ರೈತ ಒಪ್ಪಬೇಕು, ಒಪ್ಪಿದ ಮೇಲೆ ತೂಕ, ತೂಕಕ್ಕೆ ಚೀಟಿ. ಭಾಷೆ ಬೇರೆಯಾದರೂ ನಂಬರ್, ಬೆಲೆ, ಒಪ್ಪಿಗೆ, ಚೀಟಿ ಎಲ್ಲರಿಗೂ ಒಂದೇ.

ನಿಮ್ಮ ಲೈನಿನಲ್ಲಿ ಇದನ್ನು ಹೀಗೆ ಮಾಡಿ. ಹೊಸ ಸ್ಟೈಲ್ ಬಂದಾಗ ಸರಿಯಾದ ಒಂದು ಪೀಸ್, ತಪ್ಪಾದ ಒಂದು ಪೀಸ್ ಎರಡನ್ನೂ ಮೆಷಿನ್ ಪಕ್ಕ ತೂಗುಹಾಕಿ. ಬಾಯಲ್ಲಿ ಹೇಳಿದ ಮೇಲೆ, ‘ನಾನು ಸರಿಯಾಗಿ ಹೇಳಿದ್ನೋ ಇಲ್ವೋ ನೋಡ್ಬೇಕು, ಒಂದ್ಸಲ ನೀನು ಹೇಳು’ ಎಂದು ಕೇಳಿ. ಪರೀಕ್ಷೆ ನಿಮ್ಮದು ಎಂಬ ಹಾಗೆ ಕೇಳಿದರೆ ಎದುರಿನವರಿಗೆ ಅವಮಾನವಾಗುವುದಿಲ್ಲ. ಮೊದಲ ಮೂರು ಪೀಸ್ ಆಗುವವರೆಗೆ ಪಕ್ಕದಲ್ಲೇ ನಿಂತಿರಿ. ಮ್ಯಾನೇಜರ್ ಏನಾದರೂ ಹೇಳಿದಾಗ ‘ಯೆಸ್ ಸರ್’ ಬದಲು ಅವರ ಮಾತನ್ನೇ ತಿರುಗಿಸಿ ಹೇಳಿ: ‘ಸರ್, ಅಂದ್ರೆ ಮಧ್ಯಾಹ್ನದ ಮೇಲೆ ಕಫ್ ಮೊದಲು, ಕಾಲರ್ ಆಮೇಲೆ. ಸರಿನಾ?’ ಅರ್ಧ ತಪ್ಪುಗಳು ಅಲ್ಲೇ ಸಿಕ್ಕಿಬೀಳುತ್ತವೆ. ಬಾಯಿಮಾತು ಮುಗಿದ ಮೇಲೆ ಅದನ್ನೇ ಒಂದು ಸಾಲಿನಲ್ಲಿ ಗ್ರೂಪ್‌ಗೆ ಹಾಕಿ. ಮೂರು ನಿಮಿಷದ ವಾಯ್ಸ್ ಮೆಸೇಜ್ ಬೇಡ, ಯಾರೂ ಕೇಳುವುದಿಲ್ಲ. ಗ್ರೂಪ್‌ನಲ್ಲಿ ಜಗಳ ಅಂತೂ ಬೇಡವೇ ಬೇಡ.

ಸಂಬಳ, ರಜೆ, ಪಿಎಫ್ ವಿಷಯಗಳಲ್ಲಿ ಇನ್ನೂ ಎಚ್ಚರ ಬೇಕು. 2016ರಲ್ಲಿ ಕೇಂದ್ರ ಸರ್ಕಾರ ಪಿಎಫ್ ಹಣ ತೆಗೆಯುವ ನಿಯಮ ಬದಲಿಸಿದಾಗ ಏನಾಯಿತು ನಿಮಗೆ ನೆನಪಿರಬಹುದು. ಏಪ್ರಿಲ್ 18ರಂದು ಬೆಂಗಳೂರಿನ ಗಾರ್ಮೆಂಟ್ಸ್ ಹೆಂಗಸರು ಸಾವಿರಾರು ಸಂಖ್ಯೆಯಲ್ಲಿ ರಸ್ತೆಗಿಳಿದರು. ಮಾರನೇ ದಿನವೇ ಸರ್ಕಾರ ನಿಯಮವನ್ನು ವಾಪಸ್ ಪಡೆಯಿತು. ತಮ್ಮ ದುಡ್ಡಿನ ವಿಷಯವನ್ನು ತಮ್ಮನ್ನು ಕೇಳದೆ ತೀರ್ಮಾನಿಸಿದರೆ ಜನ ಸುಮ್ಮನಿರುವುದಿಲ್ಲ. ನಿಮ್ಮ ಲೈನಿನವರು ಇಂಥದ್ದೇನಾದರೂ ಕೇಳಿದರೆ ಅಂದಾಜಿನ ಉತ್ತರ ಕೊಡಬೇಡಿ. ‘ನನಗೆ ಗೊತ್ತಿಲ್ಲ, ಎಚ್ಆರ್ ಹತ್ರ ಕೇಳಿ ನಾಳೆ ಊಟದ ಹೊತ್ತಿಗೆ ಹೇಳ್ತೀನಿ’ ಅನ್ನಿ. ನಾಳೆ ಊಟದ ಹೊತ್ತಿಗೆ ಉತ್ತರ ಸಿಗದಿದ್ದರೆ ಸಿಕ್ಕಿಲ್ಲ ಎಂದಾದರೂ ಹೋಗಿ ಹೇಳಿ.

ಭಾಷೆಯ ಚಿಂತೆ

ಇಂಗ್ಲಿಷ್ ಕ್ಲಾಸಿಗೆ ಸೇರಬೇಡಿ ಎನ್ನುವುದಿಲ್ಲ. ದುಡ್ಡು, ಸಮಯ ಎರಡೂ ಇದ್ದರೆ ಸೇರಿ, ಮುಂದೆ ಉಪಯೋಗಕ್ಕೆ ಬರುತ್ತದೆ. ಆದರೆ ಇಂಗ್ಲಿಷ್ ಬಂದ ಮೇಲೆ ಬಾಯಿ ಬಿಡುತ್ತೇನೆ ಎಂದು ಕಾಯಬೇಡಿ. ನಿಮ್ಮ ಸೀಮೆಯಲ್ಲಿ ಮನೆಯೊಳಗೆ ತೆಲುಗು, ಶಾಲೆಯಲ್ಲಿ ಕನ್ನಡ, ಸಂತೆಯಲ್ಲಿ ಉರ್ದು ಆಡುವುದು ದಿನದ ಬದುಕು. ನಿಮ್ಮ ಚಿಂತಾಮಣಿ ತಾಲ್ಲೂಕಿನ ಕೈವಾರದ ತಾತಯ್ಯನವರು ತೆಲುಗು, ಕನ್ನಡ ಎರಡರಲ್ಲೂ ಹಾಡು ಕಟ್ಟಿದರು. ಜನ ಇಂದಿಗೂ ಎರಡನ್ನೂ ಹಾಡುತ್ತಾರೆ.

ಮ್ಯಾನೇಜರ್‌ಗೆ ನಿಮ್ಮ ಲೈನಿನವರ ಮಾತು ತಿಳಿಯದು, ಲೈನಿನವರಿಗೆ ಅವರ ಮಾತು ಪೂರ್ತಿ ತಿಳಿಯದು. ಎರಡೂ ಕಡೆಯದು ತಿಳಿಯುವುದು ನಿಮಗೊಬ್ಬರಿಗೇ. ಇದನ್ನು ಕೊರತೆಯೆಂದು ಬಗೆದು ಕುಗ್ಗುವ ಬದಲು ಕೆಲಸಕ್ಕೆ ಹಚ್ಚಿ. ಒಂದು ಎಚ್ಚರ: ಅವರು ಹಿಂದಿಯಲ್ಲಿ ಬೈದದ್ದನ್ನು ಕನ್ನಡಕ್ಕೋ ತೆಲುಗಿಗೋ ತಿರುಗಿಸಿ ಕೆಳಗೆ ದಾಟಿಸಬೇಡಿ. ವಿಷಯ ದಾಟಿಸಿ, ಬೈಗುಳ ನಿಮ್ಮ ಹತ್ತಿರ ನಿಲ್ಲಲಿ.

ಮ್ಯಾನೇಜರ್ ಜೊತೆ

ಇಲ್ಲಿಯವರೆಗೆ ಹೇಳಿದ್ದು ನಿಮ್ಮ ಪಾಲಿನ ಕೆಲಸ. ತಪ್ಪು ನಿಮ್ಮೊಬ್ಬರದೇ ಅಲ್ಲ. ಸಮಸ್ಯೆ ತಂದವರನ್ನು ‘ನೆಪ’ ಎಂದು ಗದರಿದ ದಿನವೇ ಮ್ಯಾನೇಜರ್ ತಮಗೆ ಬರುವ ಮುಂದಿನ ಸುದ್ದಿಯ ಬಾಗಿಲು ಮುಚ್ಚಿಕೊಂಡರು. ಟೊಯೊಟಾ ಕಾರ್ಖಾನೆಗಳು ಲೋಕಪ್ರಸಿದ್ಧವಾದದ್ದು ಇದಕ್ಕೆ ಪೂರಾ ಉಲ್ಟಾ ನಡೆದುಕೊಂಡು. ಅಲ್ಲಿ ಲೈನಿನ ಯಾವ ಕೆಲಸಗಾರನಾದರೂ ತಪ್ಪು ಕಂಡ ಕೂಡಲೇ ಒಂದು ಹಗ್ಗ ಎಳೆಯಬಹುದು. ದೀಪ ಹೊತ್ತುತ್ತದೆ, ಟೀಂ ಲೀಡರ್ ಓಡಿಬರುತ್ತಾನೆ, ಅಷ್ಟರಲ್ಲಿ ಸರಿಹೋಗದಿದ್ದರೆ ಲೈನ್ ನಿಲ್ಲುತ್ತದೆ. ಆಂಡಾನ್ ಎನ್ನುವ ಈ ಏರ್ಪಾಡಿನಲ್ಲಿ ಹಗ್ಗ ಎಳೆದವನನ್ನು ಬೈಯುವಂತಿಲ್ಲ. ಬೈದರೆ ಮುಂದಿನ ಸಲ ಯಾರೂ ಎಳೆಯುವುದಿಲ್ಲ ಎಂಬುದು ಅವರಿಗೆ ಗೊತ್ತು.

ಕೆಳಗಿನ ದನಿ ಮೇಲಕ್ಕೆ ಮುಟ್ಟದಿದ್ದರೆ ಏನಾಗುತ್ತದೆಂದು ಪಕ್ಕದ ಕೋಲಾರದ ನರಸಾಪುರ 2020ರ ಡಿಸೆಂಬರ್ 12ರಂದು ತೋರಿಸಿತು. ಐಫೋನ್ ಜೋಡಿಸುತ್ತಿದ್ದ ವಿಸ್ಟ್ರಾನ್ ಕಾರ್ಖಾನೆಯಲ್ಲಿ ಸಂಬಳ ಕಡಿಮೆ ಬಂತು, ತಡವಾಗಿ ಬಂತು, ಲೆಕ್ಕ ತಪ್ಪಿದೆ ಎಂಬ ದೂರು ಕುದಿಯುತ್ತಲೇ ಇತ್ತು. ಕೊನೆಗೊಂದು ಬೆಳಿಗ್ಗೆ ಕಾರ್ಮಿಕರು ಕಾರ್ಖಾನೆಯನ್ನೇ ಒಡೆದರು. ಒಡೆದದ್ದು ಸರಿಯಲ್ಲ. ಆದರೆ ಆಮೇಲೆ ಕಂಪನಿಯೇ ಕೆಲವರಿಗೆ ಸರಿಯಾಗಿ, ಸಮಯಕ್ಕೆ ಸಂಬಳ ಕೊಟ್ಟಿರಲಿಲ್ಲ ಎಂದು ಒಪ್ಪಿ ಕ್ಷಮೆ ಕೇಳಿತು, ಭಾರತದ ಉಸ್ತುವಾರಿ ಹೊತ್ತಿದ್ದ ಉಪಾಧ್ಯಕ್ಷರನ್ನು ತೆಗೆಯಿತು. ಆ್ಯಪಲ್ ಕಂಪನಿ ತಪ್ಪು ತಿದ್ದಿಕೊಳ್ಳುವವರೆಗೆ ಹೊಸ ಕೆಲಸ ಕೊಡುವುದಿಲ್ಲವೆಂದಿತು. ವಿಸ್ಟ್ರಾನ್ ಆಗ ಇಟ್ಟ ದೂರಿನ ಫೋನ್ ಕನ್ನಡ, ತೆಲುಗು, ತಮಿಳು, ಹಿಂದಿ, ಇಂಗ್ಲಿಷ್ ಐದರಲ್ಲೂ ಕೆಲಸ ಮಾಡುವಂಥದ್ದು. ಅದು ಡಿಸೆಂಬರ್‌ಗೆ ಮೊದಲೇ ಇದ್ದಿದ್ದರೆ ಎಂದು ಯಾರಿಗಾದರೂ ಅನ್ನಿಸುತ್ತದೆ.

ಹಾಗಾಗಿ ಮ್ಯಾನೇಜರ್ ಹತ್ತಿರ ಒಂದು ಸಲ ಮಾತಾಡಲೇಬೇಕು. ಫ್ಲೋರ್‌ನಲ್ಲಿ ಬೇಡ, ಅವರು ಸಿಟ್ಟಾಗಿದ್ದಾಗ ಬೇಡ, ಶಿಪ್‌ಮೆಂಟ್ ದಿನ ಬೇಡ. ಶಿಫ್ಟ್ ಶುರುವಾಗುವ ಮೊದಲು ಐದು ನಿಮಿಷ ಕೇಳಿಕೊಳ್ಳಿ. ‘ನೀವು ಯಾವಾಗಲೂ ಬೈತೀರಿ’ ಎಂದು ಶುರುಮಾಡಿದರೆ ಮಾತು ಅಲ್ಲಿಗೇ ಮುಗಿಯುತ್ತದೆ. ನಿಮ್ಮ ತಪ್ಪನ್ನು ಮೊದಲು ಇಡಿ: ‘ಸರ್, ಶೇಡ್ ವಿಷಯ ಹತ್ತಕ್ಕೇ ನನಗೆ ಗೊತ್ತಿತ್ತು, ಹೇಳಲಿಲ್ಲ. ಇನ್ನು ಮುಂದೆ ಹೇಳ್ತೀನಿ.’ ಆಮೇಲೆ ಕಾರಣ: ‘ಮೆಷಿನ್ ವಿಷಯ ಹೇಳಿದಾಗ ನೆಪ ಅಂದ್ರಿ, ಅದಕ್ಕೆ ಹೆದರಿದೆ.’ ಕೊನೆಗೆ ಕೇಳಿಕೆ: ‘ನನ್ನಿಂದ ತಪ್ಪಾದ್ರೆ ರೂಮಿಗೆ ಕರೆದು ಹೇಳಿ ಸರ್. ಲೈನ್ ಎದುರು ಬೈದ್ರೆ ನಾಳೆಯಿಂದ ಅವರೂ ನನಗೆ ತಪ್ಪು ತೋರಿಸಲ್ಲ.’ ಹಿಂದಿಯಲ್ಲಿ ಹೇಳಲು ತಡವರಿಸುತ್ತದೆ ಎನ್ನಿಸಿದರೆ, ಎರಡೂ ಭಾಷೆ ಬಲ್ಲ, ನಿಮ್ಮ ಬಗ್ಗೆ ಒಳ್ಳೆಯ ಅಭಿಪ್ರಾಯವಿರುವ ಹಿರಿಯ ಸಹೋದ್ಯೋಗಿಯೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ.

ಈ ಮಾತುಕತೆ ಆದ ಮೇಲೂ ಎಲ್ಲರೆದುರು ಕೂಗಾಡುವುದು ನಿಲ್ಲದಿದ್ದರೆ ದಿನಾಂಕ, ಸಮಯ, ಆಡಿದ ಮಾತು ಬರೆದಿಟ್ಟುಕೊಂಡು ಎಚ್ಆರ್‌ಗೆ ಲಿಖಿತವಾಗಿ ಕೊಡಿ. 20 ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿರುವ ಕೈಗಾರಿಕೆಯಲ್ಲಿ ಕುಂದುಕೊರತೆ ಪರಿಹಾರ ಸಮಿತಿ ಇರಬೇಕೆಂದು ಕಾನೂನೇ ಹೇಳುತ್ತದೆ. ಅದರಲ್ಲಿ ಆಡಳಿತದ ಕಡೆಯವರೂ ಕಾರ್ಮಿಕರೂ ಸಮಸಂಖ್ಯೆಯಲ್ಲಿರಬೇಕು. ಸೂಪರ್‌ವೈಸರ್‌ಗಳಿಗೆ ಸಂಬಳದ ಮಿತಿಯೊಂದಿದೆ, ನೀವು ಆ ಲೆಕ್ಕಕ್ಕೆ ಬರುತ್ತೀರಾ ಕೇಳಿಕೊಳ್ಳಿ. ನಿಮ್ಮ ಟೈಲರ್‌ಗಳಂತೂ ಬರುತ್ತಾರೆ, ಸಮಿತಿಯಲ್ಲಿ ಯಾರಿದ್ದಾರೆಂದು ಅವರಿಗೂ ಗೊತ್ತಿರಲಿ. ಬೈಗುಳದಲ್ಲಿ ಹೆಣ್ಣಿನ ಮೈ, ನಡತೆ ಕುರಿತ ಕೊಳಕು ಮಾತು ಬಂದರೆ ಅದು ಬೇರೆ ವಿಷಯ. 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆಯ ಪ್ರಕಾರ 10 ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಆಂತರಿಕ ಸಮಿತಿ ಇರಬೇಕು, ದೂರನ್ನು ಮೂರು ತಿಂಗಳೊಳಗೆ ಕೊಡಬೇಕು.

ಸೂಪರ್‌ವೈಸರ್ ಕೆಲಸವೋ ಮೆಷಿನ್ನೋ

ಈಗಲೇ ತೀರ್ಮಾನಿಸಬೇಡಿ. ನಿದ್ದೆಗೆಟ್ಟ ಕಣ್ಣಲ್ಲಿ ಮಾಡಿದ ತೀರ್ಮಾನ ನಿಲ್ಲುವುದಿಲ್ಲ. ಮೇಲೆ ಹೇಳಿದ್ದನ್ನು ಎರಡು ತಿಂಗಳ ಸಂಬಳದವರೆಗೆ ಮಾಡಿ ನೋಡಿ. ನೀವು ಬೇಗ ಹೇಳಿದ ಸಮಸ್ಯೆಗಳು ಯಾವುವು, ಆಗ ಮ್ಯಾನೇಜರ್ ಏನು ಮಾಡಿದರು ಎಂದು ಒಂದು ಪುಸ್ತಕದಲ್ಲಿ ಬರೆದಿಡಿ. ಅವರು ಕೇಳಿಸಿಕೊಳ್ಳಲು ಶುರುಮಾಡಿದ್ದರೆ ಉಳಿಯಿರಿ, ಈ ಕೆಲಸಕ್ಕೆ ನೀವು ತಕ್ಕವರು. ಬೇಗ ಹೇಳಿದರೂ ಬೈಗುಳ, ತಡವಾಗಿ ಹೇಳಿದರೂ ಬೈಗುಳ ಎಂದಾದರೆ ಬೇರೆ ಫ್ಲೋರ್ ಕೇಳಿ, ಬೇರೆ ಕಾರ್ಖಾನೆ ನೋಡಿ. ಲೈನ್ ನಡೆಸಿದ ಅನುಭವ ಇರುವವರಿಗೆ ನಿಮ್ಮ ಸುತ್ತಲ ಸೀಮೆಯಲ್ಲೂ ದೊಡ್ಡಬಳ್ಳಾಪುರದಲ್ಲೂ ಕೆಲಸ ಸಿಗುತ್ತದೆ. ಮೆಷಿನ್‌ಗೆ ಮರಳುವುದೂ ಸೋಲೇನಲ್ಲ, ಆದರೆ ಹೆದರಿ ಮರಳಬೇಡಿ.

ನಿದ್ದೆಯ ವಿಷಯ ಹಗುರವಾಗಿ ತೆಗೆದುಕೊಳ್ಳಬೇಡಿ. ಎರಡು ವಾರದಲ್ಲಿ ಸರಿಹೋಗದಿದ್ದರೆ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು, ಹೆಸರು ಹೇಳಲೇಬೇಕೆಂದಿಲ್ಲ.

ಇವೆಲ್ಲಕ್ಕಿಂತ ಮೊದಲು ಆಗಬೇಕಾದ್ದು ಒಂದಿದೆ. ಈ ಭಾನುವಾರ ಆ ಹುಡುಗಿಯ ಮನೆಗೆ ಹೋಗಿ. ಶೇಡ್ ತಪ್ಪಾದದ್ದು ಬಟ್ಟೆ ಲಾಟಿನಲ್ಲೋ ಕಟಿಂಗ್‌ನಲ್ಲೋ ಇರಬೇಕು. ತನ್ನ ಕೈಗೆ ಬಂದ ಕಾಲರನ್ನು ಆಕೆ ಸರಿಯಾಗಿಯೇ ಕೂರಿಸಿದ್ದಾಳೆ. ಮೇಲಿಂದ ಬಂದ ಬೈಗುಳವನ್ನು ನೀವು ಕೆಳಕ್ಕೆ ದಾಟಿಸಿದಿರಿ, ದಾಟಿಸಲು ಬೇರೆ ಯಾರೂ ಇಲ್ಲದವಳ ತಲೆಗೆ ಅದು ಬಿತ್ತು. ಎಚ್ಆರ್‌ನವರನ್ನು ಕರೆದುಕೊಂಡು ಹೋಗಬೇಡಿ, ಹಣ್ಣು ಹೂವು ಹಿಡಿದು ಸಂಪ್ರದಾಯ ಮಾಡಬೇಡಿ. ಆಕೆಯ ಮನೆಮಾತು ಯಾವುದೋ ಅದರಲ್ಲೇ ಹೇಳಿ: ‘ಅವತ್ತು ತಪ್ಪು ನಿನ್ನದಲ್ಲ, ನನಗೆ ಹತ್ತಕ್ಕೇ ಗೊತ್ತಿತ್ತು. ಎಲ್ಲರೆದುರು ನಿನ್ನನ್ನು ಬೈದೆ, ತಪ್ಪಾಯಿತು.’ ಅದರ ಬೆನ್ನಿಗೆ ‘ಆದರೆ ನನಗೂ ಟೆನ್ಷನ್ ಇತ್ತು’ ಎಂದು ಸೇರಿಸಬೇಡಿ, ಹೇಳಿದ್ದೆಲ್ಲ ನೀರಿಗೆ ಹೋಗುತ್ತದೆ. ಆಕೆ ಸಿಟ್ಟಿನಿಂದ ಎರಡು ಮಾತು ಆಡಿದರೆ ಕೇಳಿಸಿಕೊಂಡು ಬನ್ನಿ. ಎಷ್ಟು ದಿನದ ಸಂಬಳ ಹೋಗಿದೆ, ಹಾಜರಿ ಬೋನಸ್ ಕಟ್ಟಾಗಿದೆಯೇ ವಿಚಾರಿಸಿ. ಸೋಮವಾರ ಅದನ್ನು ಎಚ್ಆರ್ ಮುಂದೆ ನೀವೇ ಇಡಿ.

ಆಕೆ ವಾಪಸ್ ಬಂದರೆ ಲೈನಿನ ಮುಂದೆ, ಬೈದಷ್ಟೇ ಜೋರಾಗಿ, ಅವತ್ತಿನ ತಪ್ಪು ಅವಳದಾಗಿರಲಿಲ್ಲ ಎಂದು ಒಂದು ಸಲ ಹೇಳಿ. ಬಾರದಿದ್ದರೂ ಉಳಿದ ಮೂವತ್ತೊಂಬತ್ತು ಜನರಿಗೆ ಅದನ್ನೇ ಹೇಳಿ. ‘ತಲೆ ತಿರುಗಿದೆ’ ಎಂದವರ ಬಾಯಿ ಮುಚ್ಚಿಸುವುದಕ್ಕೆ ಅಲ್ಲ. ನಾಳೆ ಬಟ್ಟೆಯಲ್ಲಿ ಏನಾದರೂ ಕಂಡವರು ನಿಮ್ಮ ಹತ್ತಿರ ಬಂದು ಹೇಳಬೇಕೋ ಬೇಡವೋ ಎಂದು ತೀರ್ಮಾನಿಸುವುದು ಅವರೇ.